ಪುಟಗಳ ಊರಿಗೆ ಹೆಸರು ಕೂಗುವ ಹಸೀಬಾ

ಯಲಬುರ್ಗಾದ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಬೆಳಕು ಇಳಿದಿಲ್ಲ. ಮೊದಲ ಬಸ್ಸು ಹೊರಡುವ ಮನಸ್ಸಿಲ್ಲದೆ ನಿಂತಲ್ಲೇ ಗುರುಗುಡುತ್ತಿದೆ. ಒಳಮನೆಯಿಂದ ಜುಬೇದಾಬೀ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಮುಂದಿನ ಕೋಣೆಯಲ್ಲಿ ದೀಪವಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಚಾಪೆಯ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರ ಮಗಳು ಹಸೀಬಾ ಕುಳಿತಿದ್ದಾರೆ. ಲ್ಯಾಪ್‌ಟಾಪಿನ ಪರದೆಯೂ ಕಪ್ಪಗಿದೆ. "ನನಗ ಅದರ ಕೆಲಸ ಏನೈತ್ರಿ? ಸುಮ್ನ ಬ್ಯಾಟರಿ ತಿಂತೈತಿ ಅಂತ ಬಂದ್ ಮಾಡೀನಿ," ಎಂದು ನಗುತ್ತಾರೆ. ಸಣ್ಣವರಿದ್ದಾಗ ಬಂದ ಜ್ವರವೊಂದು ಹೋಗುವಾಗ ಅವರ ಕಣ್ಣಿನ ಬೆಳಕನ್ನೂ ಕರೆದುಕೊಂಡು ಹೋಗಿದೆ. ಮೊನ್ನೆ ಮಳೆ ಬಂದು ಹೋಯಿತು ಎಂಬಷ್ಟೇ ಹಗುರವಾಗಿ ಅದನ್ನು ಹೇಳಿ ಮುಗಿಸುತ್ತಾರೆ.

ಒಂದು ಕಿವಿಯಲ್ಲಿ ಇಯರ್‌ಫೋನ್. ಇನ್ನೊಂದು ಕಿವಿಯನ್ನು ಮನೆಗೂ ಓಣಿಗೂ ಬಿಟ್ಟಿದ್ದಾರೆ. ಇಯರ್‌ಫೋನಿನೊಳಗೆ ಪರದೆ ಓದುವ ತಂತ್ರಾಂಶದ ದನಿ ಓಡುತ್ತಿದೆ. ಹೊಸಬರು ಕೇಳಿದರೆ ಚೀಲದಿಂದ ಜೋಳ ಸುರುವಿದಂತೆ ಕೇಳಿಸುತ್ತದೆ, ಅಷ್ಟು ವೇಗ. ಹಸೀಬಾ ಅವರಿಗೆ ಮಾತ್ರ ಒಂದೊಂದು ಕಾಳೂ ಬೇರೆಬೇರೆಯಾಗಿ ಬೀಳುತ್ತದೆ. ಬೆರಳು ಒಂದು ಗುಂಡಿ ಒತ್ತುತ್ತದೆ, ಹೊಸ ಪುಟ ತೆರೆಯುತ್ತದೆ, ದನಿ ಎರಡು ಮಾತು ಹೇಳುತ್ತದೆ. ಹುಬ್ಬು ಮೇಲೇರುತ್ತದೆ. "ಇದಕ್ಕೂ ಹೆಸರಿಟ್ಟಿಲ್ಲ ನೋಡ್ರಿ. ಹಡದವ್ರು ಹಂಗ ಬಿಟ್ಟು ಹೋಗ್ಯಾರ," ಎಂದು ಗೊಣಗಿ ಮುಂದಕ್ಕೆ ಹೋಗುತ್ತಾರೆ.

ಇದು ಅವರ ಕೆಲಸ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗಾಗಿ ಮನೆಯಲ್ಲೇ ಕುಳಿತು ಜಾಲತಾಣಗಳನ್ನು ಕಿವಿಯಿಂದ ಪರೀಕ್ಷಿಸುತ್ತಾರೆ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ, ಕಿವಿ ಕೇಳದವರಿಗೆ ತಾಣ ಎಟಕುತ್ತದೆಯೋ ಇಲ್ಲವೋ ಎಂದು ನೋಡಿ ಹೇಳಬೇಕು. ದಿನಕ್ಕೆ ಅರವತ್ತು ಎಪ್ಪತ್ತು ಪುಟ. ಮುಂಜಾನೆ ನೆಟ್‌ವರ್ಕ್ ಛಲೋ ಇರುತ್ತದೆ ಎಂದು ಬೆಳಕಿಗಿಂತ ಮೊದಲೇ ಕೂರುತ್ತಾರೆ. ಅವರು ಸರಿಪಡಿಸಿದ ಪುಟಗಳನ್ನು ನಾವು ನೀವೆಲ್ಲ ಎಷ್ಟೋ ಸಲ ತೆರೆದು ಮುಚ್ಚಿರಬಹುದು. ಎಲ್ಲಿಯೂ ಅವರ ಹೆಸರಿರುವುದಿಲ್ಲ.

ಇವತ್ತು ಮಾತ್ರ ಅವರ ಬೆರಳು ನಡುನಡುವೆ ಕೀಲಿಮಣೆ ಬಿಟ್ಟು ಪಕ್ಕದಲ್ಲಿಟ್ಟ ಮೊಬೈಲನ್ನು ಮುಟ್ಟಿ ನೋಡಿ ಬರುತ್ತದೆ. ಕುಷ್ಟಗಿಯಿಂದ ಒಂದು ಫೋನ್ ಬರಬೇಕಿದೆ. ಲಲಿತಾ ಎಂಬ ಹುಡುಗಿಯದು. ಅವಳಿಗೆ ಶಿಕ್ಷಕರ ತರಬೇತಿಯ ಸೀಟು ಸಿಕ್ಕಿದೆ, ಇವತ್ತು ಅದನ್ನು ಜಾಲತಾಣದಲ್ಲಿ ತನ್ನ ಕೈಯಾರೆ ಖಚಿತಪಡಿಸಬೇಕು. ಹೋದ ವರ್ಷವೂ ಸಿಕ್ಕಿತ್ತು, ಮತ್ತು ಕೈತಪ್ಪಿ ಹೋಗಿತ್ತು. ಆ ಕಥೆಗೆ ಬರುವ ಮೊದಲು ಒಂದು ಬಸ್ಸು ಹತ್ತಬೇಕು.

ಹಸೀಬಾ ಅವರ ತಂದೆ ಮಕ್ಬುಲಸಾಬ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಈಗ ನಿವೃತ್ತರಾಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ಚಹಾ ಕುಡಿಯುತ್ತ, ಹೊರಗೆ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳಿ ಡ್ರೈವರ್ ಯಾರೆಂದು ಹೇಳುವುದೇ ಅವರ ಕಾಲಕ್ಷೇಪ. ಗಂಗಾವತಿಯ ಹತ್ತಿರದ ಅಂಧ ಮಕ್ಕಳ ವಸತಿ ಶಾಲೆಗೆ ಮಗಳನ್ನು ಸೇರಿಸಿದಾಗ ಅವರೇ ತಮ್ಮ ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂರಿಸಿಕೊಂಡು ಹೋಗುತ್ತಿದ್ದರು. ಆ ದಾರಿಯುದ್ದಕ್ಕೂ ಅವರದೊಂದು ರೂಢಿ ಇತ್ತು. ಊರು ಬರುವ ಮುಂಚೆಯೇ, ಯಾರೂ ಇಳಿಯುವವರಿಲ್ಲದಿದ್ದರೂ, ಹೆಸರನ್ನು ಉದ್ದಕ್ಕೆ ಎಳೆದು ಕೂಗುವುದು. ಕುಕನೂರು, ಭಾನಾಪುರ, ಕೊಪ್ಪಳ, ಗಿಣಿಗೇರಿ, ಬೂದಗುಂಪಾ, ಮರಳಿ. ಬೇರೆ ಕಂಡಕ್ಟರುಗಳು "ಯಾರ್ರೀ ಇಳಿಯೋರು, ಲಗೂನ" ಎಂದು ಗದರಿಸಿ ಸೀಟಿ ಊದುವಾಗ ಇವರು ಹಾಡು ಹೇಳುವವರ ಹಾಗೆ ಊರು ಕರೆಯುತ್ತಿದ್ದರು.

"ಎರಿ ಮಣ್ಣಿನ ವಾಸನಿ ಬರೂತನ ನಮ್ಮೂರ ಕಡಿ ಅಂತ ಗೊತ್ತಾಗ್ತಿತ್ತು," ಎನ್ನುತ್ತಾರೆ ಹಸೀಬಾ. "ಕಿಟಕ್ಯಾಗ ಗಾಳಿ ತಂಪಾಗಿ, ಭತ್ತದ ಗದ್ದಿ ವಾಸನಿ ಬಂತಂದ್ರ ಮರಳಿ. ಆದ್ರೂ ನಮ್ಮ ಅಬ್ಬಾ ಕೂಗೂತನ ನನಗ ಜೀವ ಸ್ವಸ್ಥ ಇರ್ತಿರ್ಲಿಲ್ಲ. ಕೂಗಿದ್ರ ಆತು, ಆ ಊರು ಬಂದು ಬಾಗಲದಾಗ ನಿಂತಂಗ ಆಗ್ತಿತ್ತು."

ಒಮ್ಮೆ ಸೂಟಿಯಲ್ಲಿ ತಂದೆ ಅವರನ್ನು ಇಟಗಿಯ ಮಹಾದೇವ ಗುಡಿಗೆ ಕರೆದೊಯ್ದಿದ್ದರು. ಬಿಸಿಲಿನಿಂದ ನೆರಳಿಗೆ ಕಾಲಿಟ್ಟದ್ದು, ನುಣುಪಾದ ಕಂಬವನ್ನು ಎರಡೂ ತೋಳಿನಿಂದ ತಬ್ಬಿದ್ದು, ಬಾಗಿಲವಾಡದ ಬಳ್ಳಿಯ ಮೇಲೆ ಬೆರಳಿಟ್ಟು ಅದು ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದ್ದು ಈಗಲೂ ಅವರ ಕನಸಿನಲ್ಲಿ ಬರುತ್ತದೆ. ಕೈಗೆ ಸಿಕ್ಕ ಬಾಗಿಲು ಎಂದರೆ ಅವರಿಗೆ ಬಲು ಪ್ರೀತಿ. ಒಳಗೆ ಹೋಗುವ ಮೊದಲೇ, ಎಲ್ಲಿಗೆ ಬಂದೆ ಎಂದು ಅದು ಹೇಳುತ್ತದಂತೆ.

ಇನ್ನೊಂದು ಕನಸೂ ಇದೆ. ಅದು ಅಷ್ಟು ಒಳ್ಳೆಯದಲ್ಲ. ಅಪ್ಪನ ಬಸ್ಸಿನಲ್ಲೇ ಕುಳಿತಿರುತ್ತಾರೆ, ಬಸ್ಸು ನಿಲ್ಲುತ್ತದೆ, ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಯಾರೂ ಊರಿನ ಹೆಸರು ಕೂಗುವುದಿಲ್ಲ. ಜನ ಹತ್ತುವ ಇಳಿಯುವ ಸದ್ದು, ಚಪ್ಪಲಿಯ ಸದ್ದು, ದೂರದಲ್ಲಿ ಒಂದು ಎಮ್ಮೆಯ ಕೂಗು. ಎಷ್ಟೋ ಊರುಗಳು ಹೆಸರಿಲ್ಲದೆ ಹಿಂದೆ ಸರಿಯುತ್ತವೆ. "ಎದ್ದಾಗ ಅಂಗೈ ಬೆವತಿರ್ತಾವ್ರಿ. ಹಗಲೊತ್ತು ಹೆಸರಿಲ್ಲದ ಪೇಜು ಭಾಳ ಕೇಳಿದ್ರ ರಾತ್ರಿ ಈ ಕನಸು ಗ್ಯಾರಂಟಿ," ಎಂದು ಹೇಳಿಕೊಂಡು ತಾವೇ ನಗುತ್ತಾರೆ.

ವಸತಿ ಶಾಲೆಯಲ್ಲಿ ಹುಡುಗಿಯರದು ಬಸ್ಸಿನ ಆಟ. ಮಂಚಗಳನ್ನು ಸಾಲಾಗಿ ಎಳೆದು ಎಲ್ಲರೂ ಕೂರುತ್ತಿದ್ದರು, ಹಸೀಬಾ ಕಂಡಕ್ಟರ್. ತಂದೆಯ ದನಿಯಲ್ಲೇ ಊರು ಕೂಗಿದಂತೆ ಒಬ್ಬೊಬ್ಬಳೇ ತನ್ನ ಊರು ಬಂತೆಂದು ಧುಮುಕುತ್ತಿದ್ದಳು. ಕೊನೆಗೆ ಒಬ್ಬಳು ಇಳಿಯದೆ ಉಳಿದು ಅಳತೊಡಗುತ್ತಿದ್ದಳು. ಎಲ್ಲರಿಗಿಂತ ಸಣ್ಣವಳು, ಕುಷ್ಟಗಿಯ ಲಲಿತಾ. ಮಕ್ಬುಲಸಾಬರ ಬಸ್ಸು ಕುಷ್ಟಗಿಗೆ ಹೋಗುತ್ತಲೇ ಇರಲಿಲ್ಲವಲ್ಲ! ಅವಳ ಅಳು ಕೇಳಲಾರದೆ ಹಸೀಬಾ ಗಂಗಾವತಿ ಆದ ಮೇಲೆ ತಮ್ಮದೇ ಒಂದು ರಸ್ತೆ ಹಾಕಿ, "ಕುಷ್ಟಗೀ... ಕುಷ್ಟಗಿ ಬಂತ್ರೀ..." ಎಂದು ಕೂಗಲು ಶುರು ಮಾಡಿದರು. ಲಲಿತಾ ಮಂಚದಿಂದ ಇಳಿಯುವ ಮುಂಚೆ ಪ್ರತಿ ಸಲ ಕೇಳಲೇಬೇಕು, "ಇಳೀಲೇನಕ್ಕಾ?" ಕಂಡಕ್ಟರ್ ಅಪ್ಪಣೆ ಕೊಡಲೇಬೇಕು, "ಇಳಿಯವ್ವಾ, ಹುಷಾರಿ."

ಮುಂದೆ ಹಸೀಬಾ ಕೊಪ್ಪಳದಲ್ಲಿ ಕಾಲೇಜು ಓದಿದರು, ಕಂಪ್ಯೂಟರ್ ಕಲಿತರು, ಒಂದೆರಡು ವರ್ಷ ಕೆಲಸವಿಲ್ಲದೆ ಕುಳಿತು ಮನೆಯವರ ಮುಖ ನೋಡದಿದ್ದರೂ ಅವರ ನಿಟ್ಟುಸಿರು ಎಣಿಸಿದರು. ಆಮೇಲೆ ಈ ಕೆಲಸ ಸಿಕ್ಕಿತು. ಜಾಲತಾಣಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದಿದೆ. ಅದನ್ನು ಅವರು ಊರಿನ ವಿಳಾಸ ಹೇಳುವಂತೆ ಹೇಳುತ್ತಾರೆ. ಅಲ್ಲಿ ನಾಲ್ಕು ಓಣಿ. ತಾಣದಲ್ಲಿರುವುದು ಗ್ರಹಿಕೆಗೆ ಸಿಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಯಂತ್ರದಲ್ಲೂ ಗಟ್ಟಿಯಾಗಿ ನಿಲ್ಲಬೇಕು. ಪುಟ ತೆರೆದೊಡನೆ ದನಿ ಮೊದಲು ಓದುವ ಶೀರ್ಷಿಕೆಯ ಮಾತು ಬರುವುದು ಎರಡನೆಯ ಓಣಿಯಲ್ಲಿ. "ಎರಡನೇ ಓಣಿ, ನಾಕನೇ ಮನಿ, ಎರಡನೇ ಖೋಲಿ. ಆ ಮನಿ ಹೆಸರು ದಾರಿ ಹುಡುಕೋದು. ಖೋಲ್ಯಾಗ ಬರದದ್ದು ಒಂದ ಮಾತು. ಪ್ರತಿ ಪೇಜಿಗೂ ಟೈಟಲ್ ಇರಬೇಕು, ಅದನ್ನ ಕೇಳಿದ್ರ ಪೇಜು ಯಾತಕ್ಕೈತಿ ಅಂತ ತಿಳೀಬೇಕು. ಮುಗೀತು."

ಇದಲ್ಲದೆ ಪ್ರತಿ ನಿಯಮಕ್ಕೂ ಒಂದು ಹಂತವಿದೆ. ಎ, ಎಎ, ಎಎಎ. ಶೀರ್ಷಿಕೆಯ ನಿಯಮ ಒಂಟಿ ಎ. ಇಲ್ಲಿ ಹೊಸಬರೆಲ್ಲ ತಪ್ಪುವುದು ಒಂದೇ ಜಾಗದಲ್ಲಿ, ಹಸೀಬಾ ಕೂಡ ತಪ್ಪಿದ್ದರು. ಶಾಲೆಯ ಗ್ರೇಡು ತಲೆಯಲ್ಲಿ ಕೂತಿತ್ತು. "ನಮ್ಮ ಸಾಲ್ಯಾಗ ಒಂದು ಎ ಬಂದ್ರ ಪೇಡೆ ಹಂಚ್ತಿದ್ರು. ಮೂರು ಎ ಅಂದ್ರ ಇನ್ನೇನು ಮೆರವಣಿಗಿನ ಅಂತ ತಿಳ್ಕೊಂಡಿದ್ದೆ. ಒಂದು ಎ ಸಣ್ಣದು, ಆಮ್ಯಾಲ ನೋಡೂಣು ಅಂತ ಬಿಟ್ಟಿದ್ದೆ. ಆಮ್ಯಾಲ ತಿಳೀತು, ಒಂದು ಎ ಅಂದ್ರ ಅದಿಲ್ದಿದ್ರ ಮುಂದಿನ ಮಾತ ಇಲ್ಲ."

ಇದನ್ನು ಯಾರಿಗಾದರೂ ತಿಳಿಸಬೇಕಾದಾಗ ಅವರು ಅಡುಗೆಮನೆಗೆ ಹೋಗುತ್ತಾರೆ. "ಮನಿಗೆ ಬಂದವ್ರಿಗೆ ಮೊದ್ಲ ನೀರು ಕೊಡ್ತೀವಿ, ಅದು ಎ. ಊಟಕ್ಕ ಹಾಕಿದ್ರ ಎಎ. ಹೋಳಿಗಿ ಮಾಡಿದ್ರ ಎಎಎ. ನೀರ ಕೊಡದ ಹೋಳಿಗಿ ನೀಡಿದ್ರ ಗಂಟಲಾಗ ಇಳೀತೈತೇನ್ರಿ?" ಒಳಗಿನಿಂದ ಜುಬೇದಾಬೀ, "ಹೋಳಿಗಿ ಮಾತು ಆಡಾಕ ಛಲೋ ಬರ್ತೈತಿ, ಮಾಡಾಕ ಬಾ ಅಂದ್ರ ಲ್ಯಾಪ್‌ಟಾಪು," ಎಂದು ಚುಚ್ಚುತ್ತಾರೆ. ಮಗಳು ಕೇಳಿಸದವರಂತೆ ಇಯರ್‌ಫೋನ್ ಸರಿಮಾಡಿಕೊಳ್ಳುತ್ತಾರೆ.

ಈಗ ಲಲಿತಾಳ ವಿಷಯ. ಮೇಷ್ಟ್ರಾಗಬೇಕು ಎಂಬುದು ಅವಳ ಆಸೆ. ತಾನು ಕಲಿತಂಥ ಶಾಲೆಯಲ್ಲೇ, ತನ್ನಂಥ ಮಕ್ಕಳ ಬೆರಳು ಹಿಡಿದು ಬ್ರೈಲ್ ಚುಕ್ಕೆ ಮುಟ್ಟಿಸಬೇಕು. ಹೋದ ವರ್ಷ ಗಂಗಾವತಿಯ ಕಾಲೇಜೊಂದರಲ್ಲಿ ಸೀಟು ಬಂದಿತ್ತು. ಸೀಟು ಹಂಚುವ ಸಂಸ್ಥೆಯ ತಾಣದಲ್ಲಿ ಎರಡು ಪುಟಗಳು. ಒಂದು ಸೀಟನ್ನು ಖಚಿತಪಡಿಸುವುದು, ಇನ್ನೊಂದು ಸೀಟನ್ನು ಬಿಟ್ಟುಕೊಡುವುದು. ನಿಯಮ ಓದಲೆಂದು ಅವಳು ಎರಡನ್ನೂ ತೆರೆದಿದ್ದಳು. ಎರಡಕ್ಕೂ ಶೀರ್ಷಿಕೆ ಒಂದೇ, "ಪ್ರವೇಶ ಜಾಲತಾಣ". ಎರಡರಲ್ಲೂ "ಸಲ್ಲಿಸಿ" ಎಂಬ ಒಂದೇ ಬಗೆಯ ಗುಂಡಿ. ಸಮಯ ಮುಗಿಯುತ್ತಿದೆ ಎಂದು ತಾಣ ಎಚ್ಚರಿಸತೊಡಗಿತು. ಒಂದು ಪುಟದಿಂದ ಇನ್ನೊಂದಕ್ಕೆ ಹಾರಿದಳು, ದನಿ "ಪ್ರವೇಶ ಜಾಲತಾಣ" ಎಂದಿತು, ಆತುರದಲ್ಲಿ ಒತ್ತಿಬಿಟ್ಟಳು. ಸೀಟು ಹೋಯಿತು.

ಅವತ್ತು ಅವಳು ಹಸೀಬಾಗೆ ಫೋನ್ ಮಾಡಿ ಅಳಲಿಲ್ಲ. ಒಂದೇ ಮಾತು ಹೇಳಿದಳು. "ಅಕ್ಕಾ, ನಾ ತಪ್ಪು ಊರಾಗ ಇಳದೆ." ಆ ಮಾತು ಹಸೀಬಾ ಅವರ ಎದೆಗೆ ನಾಟಿ ಇವತ್ತಿಗೂ ಹಾಗೇ ಇದೆ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಲಲಿತಾಳ ಅಣ್ಣ ಕಳಕೇಶ ಕೆಟ್ಟವನಲ್ಲ, ಆದರೆ ಅವನಿಗೂ ಸಾಕಾಗಿದೆ. "ಇನ್ನೊಂದ ಸಲ ನೋಡೂಣು. ಆಗ್ಲಿಲ್ಲಂದ್ರ ಓದಿನ ಹುಚ್ಚು ಬಿಟ್ಟುಬಿಡಬೇಕು," ಎಂದು ಹೇಳಿಬಿಟ್ಟಿದ್ದಾನೆ. ವರ್ಷವಿಡೀ ಅವಳು ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ದಿನ ನೂಕಿದ್ದಾಳೆ.

ಈ ವರ್ಷ ಆ ತಾಣವನ್ನು ಹೊಸದಾಗಿ ಕಟ್ಟಿದರು, ಮತ್ತು ಪರೀಕ್ಷೆಗೆ ಅದು ಬಂದದ್ದು ಬೇರೆಲ್ಲಿಗೂ ಅಲ್ಲ, ಯಲಬುರ್ಗಾದ ಈ ಕತ್ತಲೆ ಕೋಣೆಗೆ. ಹಸೀಬಾ ಮೊದಲ ಪುಟ ತೆರೆದರು. "ಪ್ರವೇಶ ಜಾಲತಾಣ." ಎರಡನೆಯದು. "ಪ್ರವೇಶ ಜಾಲತಾಣ." ಬಣ್ಣ ಬದಲಾಗಿತ್ತಂತೆ, ಚಿತ್ರಗಳು ಬಂದಿದ್ದವಂತೆ. ಕಿವಿಗೆ ಮಾತ್ರ ಹಳೆಯ ತಾಣವೇ.

ಹುಬ್ಬಳ್ಳಿಯಿಂದ ಕೆಲಸ ಹಂಚುವ ಪ್ರವೀಣಕುಮಾರ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಆ ದಿನ ತಲೆಯ ಮೇಲೆ ಕೆಂಡ ಹೊತ್ತವರಂತಿದ್ದರು. "ಮೇಡಂ, ನಮ್ಮ ಚೆಕ್ ಮಾಡೋ ಮಷೀನು ಟೈಟಲ್‌ಗೆ ಹಸಿರು ತೋರಸಾಕತ್ತೈತಿ. ನೀವು ಫೇಲ್ ಅಂತ ಬರದೀರಿ. ಸೋಮವಾರ ಸೈಟ್ ತೆರೀಬೇಕು. ಒಂದು ಎ ಅಷ್ಟ ಅಲ್ರಿ, ಅದನ್ನ ಆಮ್ಯಾಲ ಮಾಡ್ತೀವಿ ಅಂತಾರ ಅವರು."

"ಮಷೀನು ಬಸ್ಸಿಗೆ ಬೋರ್ಡ್ ಐತೋ ಇಲ್ಲೋ ಅಂತ ನೋಡ್ತೈತ್ರಿ ಸರ್," ಎಂದರು ಹಸೀಬಾ. "ಬೋರ್ಡಿನ ಮ್ಯಾಲ ಯಾವೂರು ಬರದೈತಿ ಅಂತ ನಾವ ನೋಡಬೇಕು. ಎಲ್ಲಾ ಬಸ್ಸಿಗೂ ಬರೇ 'ಬಸ್ಸು' ಅಂತ ಬರದಾರ. ನಾ ಪಾಸ್ ಅಂತ ಹೆಂಗ ಬರೀಲಿ?"

"ನೀವು ಹೇಳೋದು ಖರೇ. ಆದ್ರ ಅಷ್ಟೂ ಪೇಜಿಗೆ ಹೆಸರು ಕೂತು ಬರಿಯೋರು ಯಾರ್ರಿ ಈಗ?"

"ನಾನ ಬರೀತೀನಿ. ಹಾಕಿಸೋದು ನಿಮ್ಮ ಜವಾಬ್ದಾರಿ."

ಪ್ರವೀಣಕುಮಾರ, "ಆತ್ರಿ ಮೇಡಂ, ನಾ ಅವರ ಕೂಡ ಗುದ್ದಾಡ್ತೀನಿ," ಎಂದರು. ಅವರೂ ಮಾತಿಗೆ ತಪ್ಪಲಿಲ್ಲ. ಅಷ್ಟು ಮಾತಿನಲ್ಲಿ ಹಸೀಬಾ ಎಲ್ಲಿಯೂ ಲಲಿತಾಳ ಹೆಸರೆತ್ತಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. "ಆಕಿ ಹೆಸರು ಹೇಳಿದ್ರ ಅದು ಒಬ್ಬಾಕಿ ಸಲುವಾಗಿ ಕೇಳಿದಂಗ ಆಗ್ತಿತ್ತು. ಆ ಪೇಜು ಒತ್ತೋರು ಎಷ್ಟು ಮಂದಿ ಅದಾರೋ ಏನೋ," ಎನ್ನುತ್ತಾರೆ.

ಆ ಶನಿವಾರ, ಭಾನುವಾರದ ಮುಂಜಾವುಗಳನ್ನು ಈ ಮನೆ ಮರೆಯುವಂತಿಲ್ಲ. ಹಸೀಬಾ ಒಂದೊಂದೇ ಶೀರ್ಷಿಕೆ ಬರೆದು ಗಟ್ಟಿಯಾಗಿ ಓದಿಸುತ್ತಿದ್ದರು. ಬಾಗಿಲ ಬಳಿ ಮಕ್ಬುಲಸಾಬ ಅರೆನಿದ್ದೆಯಲ್ಲಿ ತೂಗುತ್ತ ಕೇಳುತ್ತಿದ್ದರು. ಮನೆಯವರಷ್ಟೇ ಇದ್ದಾಗ ಅವರ ಮಾತು ಉರ್ದು, ಬಸ್ಸಿನ ವಿಷಯ ಬಂದರೆ ಮಾತ್ರ ಅಪ್ಪ ಮಗಳು ಇಬ್ಬರೂ ಕನ್ನಡಕ್ಕೆ ಬಂದುಬಿಡುತ್ತಾರೆ. "ಪ್ರವೇಶ ಜಾಲತಾಣ, ಸೀಟು ಖಚಿತಪಡಿಸಿ" ಎಂದು ದನಿ ಓದಿತು. ಮಕ್ಬುಲಸಾಬ ಕಣ್ಣು ಬಿಡದೆಯೇ ತಲೆ ಅಲ್ಲಾಡಿಸಿದರು.

"ಬಸ್ಸಿನ ಹೆಸರು ಮೊದ್ಲ ಯಾಕ ಹೇಳ್ತಿ ಬೇಟಿ? ಹತ್ತಿ ಕೂತವ್ರಿಗೆ ಬಸ್ಸು ಯಾವ್ದಂತ ಗೊತ್ತೈತಿ. ಊರು ಹೇಳು ಮೊದ್ಲ."

ಗೊತ್ತಿದ್ದ ಮಾತೇ, ಆತುರದಲ್ಲಿ ಜಾರಿತ್ತು. ಹಸೀಬಾ ತಿದ್ದಿದರು. "ಸೀಟು ಖಚಿತಪಡಿಸಿ." ಅದರ ಹಿಂದೆಯೇ, "ಸೀಟು ಬಿಟ್ಟುಕೊಡಿ." ಈ ಸಲ ಮಕ್ಬುಲಸಾಬ ಪೂರ್ತಿ ಎಚ್ಚರವಾದರು.

"ಎರಡೂ ಸೀಟು ಅಂತನ ಎದ್ವಲ್ಲ! ನಿದ್ದಿಗಣ್ಣಾಗ ಇದ್ದವ್ರು ಮೊದಲನೇ ಅಕ್ಷರಕ್ಕ ಗಂಟು ಹಿಡಕೊಂಡು ಬಾಗಲಿಗೆ ಬಂದಿರ್ತಾರ. ನಾ ಎಷ್ಟು ಮಂದೀನ ನೋಡಿಲ್ಲ! ಬ್ಯಾರೆ ಊರು ಬ್ಯಾರೆ ಅಂತ ಮೊದಲನೇ ಮಾತಿಗೇ ತಿಳೀಬೇಕು."

ಹಾಗೆ ಆ ಎರಡು ಪುಟಗಳಿಗೆ ಹೆಸರು ಬಂತು. "ಖಚಿತಪಡಿಸಿ, ನಿಮ್ಮ ಸೀಟು." "ಬಿಟ್ಟುಕೊಡಿ, ನಿಮ್ಮ ಸೀಟು." ತಂದೆ ಎರಡನ್ನೂ ತಮ್ಮ ಹಳೆಯ ದನಿಯಲ್ಲಿ ಎಳೆದು ಕೂಗಿ ನೋಡಿದರು. ಹೊರಗೆ ಹಾಲಿಗೆ ಹೊರಟಿದ್ದ ಯಾರೋ ನಿಂತು, "ಏನ್ರೀ ಮಕ್ಬುಲಸಾಬ, ಮತ್ತ ಡ್ಯೂಟಿಗೆ ಹೊಂಟ್ರೇನು?" ಎಂದು ಕೇಳಿ ಹೋದರು.

ಸೋಮವಾರ ತಾಣ ತೆರೆಯಿತು. ವಾರಗಳು ಕಳೆದು ಸೀಟು ಹಂಚಿಕೆಯ ದಿನ ಬಂತು. ಲಲಿತಾಗೆ ಮತ್ತೆ ಅದೇ ಗಂಗಾವತಿಯ ಕಾಲೇಜು. ಇವತ್ತು, ನಾವು ಈ ಕೋಣೆಯಲ್ಲಿ ಕುಳಿತಿರುವ ಈ ಮುಂಜಾನೆ, ಅವಳು ಗುಂಡಿ ಒತ್ತಬೇಕು. ಆ ಪುಟಗಳಿಗೆ ಹೆಸರಿಟ್ಟವರು ಯಾರೆಂದು ಅವಳಿಗೆ ತಿಳಿದಿಲ್ಲ. ಹಸೀಬಾ ಹೇಳಿಲ್ಲ. ಯಾಕೆಂದರೆ ಹೆದರಿಕೆ. ಹೆಸರು ಸರಿಯಾಗಿ ಕೂತಿರದಿದ್ದರೆ? ಕೊನೆಯ ಗಳಿಗೆಯಲ್ಲಿ ಯಾರಾದರೂ ಹಳೆಯದನ್ನೇ ಹಾಕಿದ್ದರೆ? ನಿನ್ನೆಯೇ ನೋಡಿದ್ದಾರೆ, ಮೊನ್ನೆಯೂ ನೋಡಿದ್ದಾರೆ. ಆದರೂ ಬೆರಳು ಮತ್ತೆ ಮೊಬೈಲನ್ನು ಮುಟ್ಟಿ ಬರುತ್ತದೆ.

ಹೊಸ್ತಿಲ ಮೇಲೆ ಬಿಸಿಲಿನ ಮೊದಲ ಗೆರೆ ಬೀಳುವ ಹೊತ್ತಿಗೆ ಫೋನ್ ಬರುತ್ತದೆ. ಹಸೀಬಾ ಸ್ಪೀಕರ್ ಹಾಕುತ್ತಾರೆ. ಅತ್ತ ಕಡೆ ಲಲಿತಾಳ ಉಸಿರು, ಅವಳ ಹಿಂದೆ ಕಳಕೇಶನ ಕೆಮ್ಮು, ಅವಳ ಲ್ಯಾಪ್‌ಟಾಪಿನ ದನಿ. "ಅಕ್ಕಾ, ಎರಡೂ ತೆರದೀನಿ. ನೀ ಲೈನಿನ್ಯಾಗ ಇರು." ಗುಂಡಿಯೊಂದು ಟಕ್ಕೆನ್ನುತ್ತದೆ. ದನಿ ಹೇಳುತ್ತದೆ, "ಬಿಟ್ಟುಕೊಡಿ, ನಿಮ್ಮ ಸೀಟು." ಮತ್ತೆ ಟಕ್. "ಖಚಿತಪಡಿಸಿ, ನಿಮ್ಮ ಸೀಟು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿದೆ. ಮಕ್ಬುಲಸಾಬ ಚಹಾದ ಕಪ್ಪು ಕೆಳಗಿಟ್ಟಿದ್ದಾರೆ. ಅತ್ತ ಕಡೆ ಇನ್ನೊಂದು ಟಕ್, "ಸಲ್ಲಿಸಿ" ಗುಂಡಿಯ ಮುಂದೆ ಲಲಿತಾ ನಿಂತಿದ್ದಾಳೆ. ಆಮೇಲೆ ಅವಳ ದನಿ ಬರುತ್ತದೆ, ಮಂಚದ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತ ಹುಡುಗಿಯ ದನಿ.

"ಅಕ್ಕಾ, ಕುಷ್ಟಗಿ ಬಂತು. ಇಳೀಲೇನು?"

ಹಸೀಬಾ ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ತುಟಿಯ ಹತ್ತಿರ ತಂದು, ಕಂಡಕ್ಟರ್ ಅಪ್ಪಣೆ ಕೊಡುತ್ತಾರೆ.

"ಇಳಿಯವ್ವಾ, ಹುಷಾರಿ."